ಬಿದಿರಿನ ಬಂಡಿಯಲ್ಲಿ ಬಂದವರು



ಕಳೆದ ಕಾರ್ತಿಕದ ಒಂದು ಸಂಜೆ, ಮದ್ದೂರಿನಿಂದ ಮಳವಳ್ಳಿಯ ದಾರಿ ಹಿಡಿದು ಸೈಕಲ್ ತುಳಿಯುತ್ತಾ ಬಂದ ಗಂಡಹೆಂಡಿರಿಬ್ಬರು ನಮ್ಮ ಮಠದ ಬಾಗಿಲಲ್ಲಿ ನಿಂತರು. ಆಕೆ ನಮ್ಮ ನಾಡಿನವಳು, ಆತ ಹೊರದೇಶದವನು. ಬೆಂಗಳೂರಿನಿಂದ ಹೊರಟು ಶಿವನಸಮುದ್ರ, ಕೊಳ್ಳೇಗಾಲ ಹಾದು ಬಿಳಿಗಿರಿರಂಗನ ಬೆಟ್ಟ ಹತ್ತುವವರು. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ನಡುಹಾದಿಗೆ ಸೈಕಲ್ಲನ್ನು ಬಿಡುವುದಿಲ್ಲವಷ್ಟೆ. ಪಕ್ಕದ ರಸ್ತೆಯ ಧೂಳನ್ನೆಲ್ಲ ಮೈಮೇಲೆ ಹೊತ್ತು ತಂದಿದ್ದರು. ಮಳೆ ಬರುವಂತಿತ್ತು. ಒಂದು ರಾತ್ರಿ ತಂಗಲು ಜಾಗ ಕೇಳಿದರು.

ನಮ್ಮಲ್ಲಿ ಇದು ಕೇಳುವ ಮಾತೇ ಅಲ್ಲ. ನಿಂತಲ್ಲಿ ನಿಲ್ಲದೆ ಚಲಿಸುವುದೇ ಜಂಗಮ ಎಂದು ನಾವು ನಿಮಗೆ ಎಷ್ಟು ಸಲ ಹೇಳಿಲ್ಲ! ಹಾಗಿದ್ದರೂ ನಮ್ಮ ಮಠದವರೊಬ್ಬರು ‘ಇವರು ಯಾರೋ ಏನೋ ಬುದ್ಧಿ’ ಎಂದು ಕಿವಿಯಲ್ಲಿ ಉಸುರಿದರು. ಮೊದಲು ಪ್ರಸಾದವಾಗಲಿ, ವಿಚಾರಣೆ ಆಮೇಲೆ ಎಂದೆವು.

ಪ್ರಸಾದದ ಪಂಕ್ತಿಯಲ್ಲಿ ಕುಳಿತ ಆ ತಾಯಿ ಒಂದು ಪ್ರಶ್ನೆ ಕೇಳಿದಳು: ‘ಸ್ವಾಮೀಜಿ, ಅನ್ನ ಬಸಿಯುವ ಬುಟ್ಟಿ, ತರಕಾರಿಯ ಬುಟ್ಟಿ ಎಲ್ಲವೂ ಪ್ಲಾಸ್ಟಿಕ್ಕಿನವು. ಬಿದಿರಿನವು ಇಲ್ಲಿ ಸಿಗುವುದಿಲ್ಲವೇ?’

ನಮ್ಮ ಬಳಿ ಉತ್ತರವಿರಲಿಲ್ಲ.

ಆಕೆ ಯಾಕೆ ಕೇಳಿದಳೆಂಬುದು ಬೆಳಿಗ್ಗೆ ತಿಳಿಯಿತು. ಜಗಲಿಗೆ ಒರಗಿಸಿದ್ದ ಸೈಕಲ್ಲುಗಳನ್ನು ನೋಡಿದೆವು. ಕಬ್ಬಿಣದ ಕೊಳವೆಗೆ ಬಿದಿರಿನ ಬಣ್ಣ ಬಳಿದಿದ್ದಾರೆಂದು ಬಗೆದು ಬೆರಳ ಗೆಣ್ಣಿನಿಂದ ಬಡಿದರೆ, ಬಿದಿರೇ ಬಿದಿರು! ಚೌಕಟ್ಟೆಲ್ಲ ಬಿದಿರು. ಗಾಲಿ, ಸರಪಳಿ, ಪೆಡಲ್ಲಿನ ಅಚ್ಚು, ಹ್ಯಾಂಡಲ್ಲಿನ ಕತ್ತು, ಇವು ಮಾತ್ರ ಲೋಹದವು. ಕೂಡುಗಂಟುಗಳಲ್ಲಿ ನಾರನ್ನು ಅಂಟಿನಲ್ಲಿ ಅದ್ದಿ ಸುತ್ತು ಸುತ್ತಾಗಿ ಬಿಗಿದು, ಒಣಗಿದ ಮೇಲೆ ಉಜ್ಜಿ ನಯ ಮಾಡಿದ್ದಾರೆ. ತಾವೇ ಕಟ್ಟಿಕೊಂಡದ್ದಂತೆ. ಇದು ಇಂದಿನ ಹುಚ್ಚಲ್ಲ. 1890ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಬಿದಿರಿನ ಸೈಕಲ್ ಮಾರಿದ್ದರು. ಆಫ್ರಿಕದ ಘಾನಾದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕಲಿತು ಕಟ್ಟುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ಬ್ಯಾಂಬೂಚಿ ಎಂಬ ಹೆಸರಿನಲ್ಲಿ ಕಟ್ಟಿದವರಿದ್ದಾರೆ. ಬಿದಿರಿನ ಎಳೆ ರಸ್ತೆಯ ಕುಲುಕನ್ನು ತಾನೇ ನುಂಗಿಕೊಳ್ಳುವುದರಿಂದ ಕೈಗೆ ಜುಮ್ಮು ಹಿಡಿಯುವುದಿಲ್ಲವೆಂದರು. ನಮ್ಮ ರಸ್ತೆಗಳಿಗೆ ಇದು ಹೇಳಿಮಾಡಿಸಿದ್ದು!

ಆಗ ನಮಗೆ ಮೇದರ ಕೇತಯ್ಯನವರ ನೆನಪಾಯಿತು. ಬಿದಿರು ತಂದು, ಬುಟ್ಟಿ ಮೊರ ಹೆಣೆದು, ಅದರ ಗಳಿಕೆಯಲ್ಲಿ ದಾಸೋಹ ನಡೆಸಿದ ಕಲ್ಯಾಣದ ಶರಣರು. ವಚನಗಳ ಕೊನೆಗೆ ‘ಗವರೇಶ್ವರ’ ಎಂಬ ಅಂಕಿತವಿಟ್ಟವರು. ಕಾಯಕದಲ್ಲಿದ್ದಾಗಲೇ ಬಿದಿರು ಎದೆಗೆ ನಟ್ಟಿತೆಂದು ಕಥೆ ಹೇಳುತ್ತದೆ. ಈ ಪೀಠದಲ್ಲಿ ಕುಳಿತು ಆ ಕಥೆಯನ್ನು ಎಷ್ಟೋ ಬಾರಿ ಹೇಳಿದ್ದೇವೆ, ನೀವು ಕಣ್ಣೊರೆಸಿಕೊಂಡಿದ್ದೀರಿ. ಮಠದಿಂದ ಕೂಗಳತೆಯಲ್ಲಿರುವ ಮೇದರ ಮನೆಗಳ ಕಡೆ ಮಾತ್ರ ನಾವು ವರ್ಷಗಳಿಂದ ಹೆಜ್ಜೆ ಇಟ್ಟಿರಲಿಲ್ಲ. ಅವರ ಮಂಕರಿಯನ್ನು ಬಿಟ್ಟು, ನಾಲ್ಕು ಕಾಸು ಅಗ್ಗವೆಂದು ಪ್ಲಾಸ್ಟಿಕ್ಕನ್ನು ದಾಸೋಹಕ್ಕೆ ತಂದವರೂ ನಾವೇ.

ಅಂದೇ ಆ ಇಬ್ಬರನ್ನೂ ಕರೆದುಕೊಂಡು ಹೋದೆವು. ಒಬ್ಬ ವೃದ್ಧ ಮಾತ್ರ ಇನ್ನೂ ಬಿದಿರು ಸೀಳುತ್ತಿದ್ದ. ಮಂಡ್ಯದ ಸೀಮೆಯಲ್ಲಿ ರೇಷ್ಮೆ ಇರುವವರೆಗೆ ಹುಳು ಸಾಕುವ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಹೆಣೆದು ಅವನ ಮನೆ ನಡೆದಿತ್ತು. ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದ ಮೇಲೆ ಅದಕ್ಕೂ ಕುತ್ತು. ಮೊಮ್ಮಗ ಗಾರ್ಮೆಂಟ್ಸಿಗೆ ಹೋಗುತ್ತಾನೆ. ಸೈಕಲ್ಲನ್ನು ತಡವಿ, ಗೆಣ್ಣು ಎಣಿಸಿ, ಕಿವಿಗೊಟ್ಟು ಬಡಿದು ಮುದುಕ ಹೇಳಿದ: ‘ಬುದ್ಧಿ, ಕಾಲ ನೋಡಿ ಕಡ್ದವ್ರೆ. ಎಳೆ ಬಿದ್ರಾಗಿದ್ರೆ ಇಷ್ಟೊತ್ಗೆ ಕುಟ್ಟೆ ಹಿಡ್ದಿರೋದು. ಕಟ್ಟು ನಮ್ದೇಯ, ಅಂಟು ಮಾತ್ರ ಅವ್ರುದು.’

ಆ ಹೊರದೇಶದವನಿಗೆ ಆಕೆ ಇದನ್ನು ತಿಳಿಹೇಳಿದಾಗ ಅವನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟ. ಮೂರು ವರ್ಷ ಬಲಿತ ಗಳವನ್ನು ಮಳೆಗಾಲ ಕಳೆದ ಮೇಲೆ ಕಡಿಯಬೇಕು, ಆಗ ಒಳಗಿನ ಸಿಹಿ ಇಳಿದಿರುತ್ತದೆ, ಹುಳು ಬರುವುದಿಲ್ಲ. ಕಿರುಬಿದಿರು ಒಳಗೆ ಟೊಳ್ಳು ಕಡಿಮೆ, ಭಾರ ತಡೆಯುತ್ತದೆ. ಇವೆಲ್ಲ ಮುದುಕನಿಗೆ ಬಾಯಿಪಾಠ. ಒಂದು ರಾತ್ರಿಗೆಂದು ಬಂದವರು ಐದು ದಿನ ಉಳಿದರು. ಮೊಮ್ಮಗ ರಜೆ ಹಾಕಿ ಅಂಟು ಸುತ್ತುವುದನ್ನು ಕಲಿತ.

ಅವರು ಹೋದ ಮೇಲೆ ಹುಡುಗ ಕಟ್ಟಿದ ಮೊದಲ ಚೌಕಟ್ಟು ಕೆಟ್ಟಿತು. ತಾತ ಬೇಡವೆಂದರೂ ಹಸಿ ಆರದ ಗಳವನ್ನು ಅವಸರದಲ್ಲಿ ಬಳಸಿದ್ದ. ಒಣಗುತ್ತಾ ಬಿದಿರು ಕುಗ್ಗಿ ಕಟ್ಟು ಸಡಿಲಾಯಿತು. ತಾತ ಒಂದು ಮಾತೂ ಆಡದೆ ಬೇರೆ ಗಳ ಆರಿಸಿ ಅಟ್ಟದ ಮೇಲೆ ಹಾಕಿದ. ಅದು ಈಗ ಒಣಗುತ್ತಿದೆ. ಮಂಡ್ಯದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಭಕ್ತರೊಬ್ಬರು ಗಾಲಿ, ಸರಪಳಿ ತಾವು ಕೊಡುವುದಾಗಿ ಹೇಳಿದ್ದಾರೆ.

ದಾಸೋಹದ ಮನೆಗೆ ಹನ್ನೆರಡು ಮಂಕರಿಗಳು ಬಂದಿವೆ, ಬೆಲೆ ಕೊಟ್ಟೇ ತಂದದ್ದು. ನಿಮ್ಮ ಹಿತ್ತಲಲ್ಲಿ, ತೋಟದ ಬೇಲಿಯಲ್ಲಿ ಬಿದಿರು ಮೆಳೆ ಇದ್ದರೆ ಸುಟ್ಟು ತೆಗೆಯುವ ಮುನ್ನ ಮಠಕ್ಕೆ ಒಂದು ಮಾತು ತಿಳಿಸಿ. 1927ರ ಅರಣ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿದ ಮೇಲೆ ಕಾಡಿನಾಚೆ ಬೆಳೆದ ಬಿದಿರು ಆ ಕಾಯಿದೆಯ ಲೆಕ್ಕದಲ್ಲಿ ಮರವಲ್ಲ. ಗಳ ಆರಿಸಲು ಮುದುಕ ತಾನೇ ಬರುತ್ತಾನೆ. ಬಂದಾಗ ಜಗಲಿಯ ಕೆಳಗೆ ನಿಲ್ಲಿಸದೆ ಒಳಗೆ ಕರೆದು ಕೂರಿಸಿ.