ಬಿಳಿಯೊಳಗೆ ಅಡಗಿದ ಬಿಳಿ

ಪರೀಕ್ಷೆಯ ವರದಿ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು ಅರಸುವುದು 'ನಾರ್ಮಲ್' ಎಂಬ ಮಾತನ್ನು. ಅದು ಕಂಡಮೇಲೆ ಉಳಿದ ಸಾಲುಗಳನ್ನು ಓದುವವರು ಕಡಿಮೆ. ಸ್ತನದ ಕ್ಯಾನ್ಸರಿನ ತಪಾಸಣೆಯಲ್ಲಿ ಈ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಮ್ಯಾಮೊಗ್ರಫಿ ಎಂಬುದು ಸ್ತನದ ಕ್ಷ-ಕಿರಣ ಚಿತ್ರ. ಅದರಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ; ಹಾಲಿನ ಗ್ರಂಥಿಗಳೂ ಅವುಗಳ ಸುತ್ತಣ ನಾರಿನ ಅಂಗಾಂಶವೂ ಬೆಳ್ಳಗೆ ಕಾಣುತ್ತವೆ. ಕ್ಯಾನ್ಸರಿನ ಗಂಟೂ ಬೆಳ್ಳಗೇ. ಮೊರದಲ್ಲಿ ಅಕ್ಕಿ ಆರಿಸುವವರಿಗೆ ಕರಿಯ ಕಲ್ಲಿನ ಭಯವಿಲ್ಲ. ಬಿಳಿಯ ಕಲ್ಲು ಮಾತ್ರ ಹಲ್ಲಿಗೆ ಸಿಕ್ಕಿದಾಗಲೇ ತಿಳಿಯುವುದು. ಗ್ರಂಥಿಯೂ ನಾರೂ ಹೆಚ್ಚಾಗಿದ್ದು ಕೊಬ್ಬು ಕಡಿಮೆಯಿರುವ ಸ್ತನವನ್ನು ವೈದ್ಯರು 'ದಟ್ಟ' ಎನ್ನುತ್ತಾರೆ. ಇದು ರೋಗವಲ್ಲ. ಅಮೆರಿಕದಲ್ಲಿ 40 ದಾಟಿದ ಹೆಂಗಸರ ಪೈಕಿ ಸುಮಾರು ಅರ್ಧದಷ್ಟು ಮಂದಿ ಈ ಬಗೆಯವರು; ಎಳೆಯ ವಯಸ್ಸಿನವರಲ್ಲಿ ದಟ್ಟತೆ ಇನ್ನೂ ಹೆಚ್ಚು. ಮುಟ್ಟಿ ತಿಳಿಯುವಂಥದಲ್ಲ, ಚಿತ್ರವೇ ಹೇಳಬೇಕು. ಅದು ಗಂಟನ್ನು ಮರೆಮಾಡುವುದಷ್ಟೇ ಅಲ್ಲದೆ ರೋಗದ ಸಂಭವವನ್ನೂ ಹೆಚ್ಚಿಸುತ್ತದೆ. ಡೆಟ್ರಾಯಿಟಿನ ಜಾನ್ ವುಲ್ಫ್ ಎಂಬ ಕ್ಷ-ಕಿರಣ ತಜ್ಞರು 1976ರಲ್ಲೇ ಈ ಸಂಬಂಧವನ್ನು ಬರೆದಿದ್ದರು. ವೈದ್ಯರು ಬಲ್ಲ ಸಂಗತಿಯನ್ನು ಹೆಂಗಸರಿಗೂ ತಿಳಿಸಬೇಕೆಂಬ ಕಾನೂನು ಹುಟ್ಟಲು ಮತ್ತೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಹುಟ್ಟಿದ್ದೂ ಒಬ್ಬ ರೋಗಿಯ ಹಟದಿಂದ. ಕನೆಕ್ಟಿಕಟ್ ರಾಜ್ಯದ ನ್ಯಾನ್ಸಿ ಕಪೆಲ್ಲೊ ವರ್ಷವರ್ಷವೂ ತಪ್ಪದೆ ಮ್ಯಾಮೊಗ್ರಫಿ ಮಾಡಿಸಿಕೊಳ್ಳುತ್ತಿದ್ದರು. ವರದಿ ಪ್ರತಿಸಲವೂ ನಾರ್ಮಲ್. ಅಂಥದೊಂದು ವರದಿ ಬಂದ ಕೆಲವೇ ವಾರಗಳಲ್ಲಿ, 2004ರಲ್ಲಿ, ವೈದ್ಯರ ಕೈಗೆ ಗಂಟು ತಗುಲಿತು. ಮತ್ತೆ ತೆಗೆದ ಮ್ಯಾಮೊಗ್ರಾಮಿನಲ್ಲೂ ಅದು ಕಾಣಲಿಲ್ಲ, ಅಲ್ಟ್ರಾಸೌಂಡಿನಲ್ಲಿ ಕಂಡಿತು. ಆ ವೇಳೆಗೆ ರೋಗ ದುಗ್ಧಗ್ರಂಥಿಗಳಿಗೂ ಹಬ್ಬಿತ್ತು. ತಮ್ಮ ಸ್ತನ ದಟ್ಟವೆಂಬ ಸಂಗತಿಯನ್ನು ಆಕೆ ಮೊದಲು ಕೇಳಿದ್ದು ಆಗ. ಆಕೆ ಸುಮ್ಮನೆ ಕೂರಲಿಲ್ಲ. ಶಾಸನಸಭೆಯ ಬಾಗಿಲು ತಟ್ಟಿದರು. ದಟ್ಟತೆಯನ್ನು ರೋಗಿಗೆ ತಿಳಿಸಲೇಬೇಕೆಂದು 2009ರಲ್ಲಿ ಆ ರಾಜ್ಯ ಮಾಡಿದ ಕಾನೂನು ಆ ದೇಶದಲ್ಲೇ ಮೊದಲನೆಯದು. ಆಕೆ ತೀರಿಕೊಂಡದ್ದು 2018ರಲ್ಲಿ. ಅಮೆರಿಕಕ್ಕೆಲ್ಲ ಅನ್ವಯಿಸುವ ನಿಯಮ ಜಾರಿಗೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ.

ತಿಳಿದ ಮೇಲೆ ಮಾಡುವುದೇನು? ಜಪಾನಿನಲ್ಲಿ ನಲವತ್ತರಿಂದ ನಲವತ್ತೊಂಬತ್ತರ ವಯಸ್ಸಿನ ಸುಮಾರು 73,000 ಹೆಂಗಸರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಮ್ಯಾಮೊಗ್ರಫಿಯೊಂದೇ 100 ಕ್ಯಾನ್ಸರುಗಳಲ್ಲಿ 77ನ್ನು ಹಿಡಿದರೆ, ಅಲ್ಟ್ರಾಸೌಂಡ್ ಜೊತೆಗೂಡಿದಾಗ 91 ಸಿಕ್ಕವು. ನೆದರ್‌ಲ್ಯಾಂಡ್ಸ್‌ನವರು ಅತಿ ದಟ್ಟ ಸ್ತನದವರಿಗೆ ಎಂ.ಆರ್.ಐ. ಮಾಡಿಸಲು ಆಹ್ವಾನವಿತ್ತರು. ಎರಡು ತಪಾಸಣೆಗಳ ನಡುವೆ ಹಠಾತ್ತನೆ ಹೊರಬೀಳುವ ಕ್ಯಾನ್ಸರು ಸಾವಿರಕ್ಕೆ 5ರಿಂದ 2.5ಕ್ಕೆ ಇಳಿಯಿತೆಂದು 2019ರಲ್ಲಿ ಪ್ರಕಟವಾಯಿತು. ಆದರೆ ಎಂ.ಆರ್.ಐ. ಮಾಡಿಸಿಕೊಂಡ ಸಾವಿರ ಮಂದಿಯಲ್ಲಿ ಸುಮಾರು 80 ಜನಕ್ಕೆ ಇಲ್ಲದ ರೋಗದ ಶಂಕೆ ಹುಟ್ಟಿತು. ಶಂಕೆಯೆಂದರೆ ಮತ್ತೆ ಚಿತ್ರ, ಕೆಲವರಿಗೆ ಸೂಜಿ, ನಿದ್ದೆಯಿಲ್ಲದ ರಾತ್ರಿಗಳು. ಈ ಹೆಚ್ಚಿನ ಪರೀಕ್ಷೆಗಳ ಲಾಭನಷ್ಟವನ್ನು ತೂಗಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ತಜ್ಞರ ಮಂಡಲಿ 2024ರಲ್ಲಿ ಹೇಳಿತು. ಆಧಾರ ಸಾಲದೆಂಬುದು ಪರೀಕ್ಷೆ ಬೇಡವೆಂಬ ಮಾತಲ್ಲ. ಈ ಎರಡನ್ನೂ ಒಂದೇ ಮಾಡಿ ಹೇಳುವವರನ್ನು ಕಂಡರೆ ನನಗೆ ಬೇಸರ.

ಎಂ.ಆರ್.ಐ. ಯಂತ್ರ ನಮ್ಮಲ್ಲಿ ಎಷ್ಟು ಮಂದಿಯ ಕೈಗೆ ಎಟುಕೀತು ಎಂದು ಕೇಳುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಪೆಲ್ಲೊ ಅವರ ಗಂಟು ಮೊದಲು ಸಿಕ್ಕಿದ್ದು ಕೈಗೆ ಎಂಬುದನ್ನು ನೆನೆಯಿರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರ ಕೈಯಿಂದಲೇ ಪರೀಕ್ಷಿಸಿದರು, ಎರಡು ವರ್ಷಕ್ಕೊಮ್ಮೆ. 2021ರಲ್ಲಿ ಬಂದ ಫಲಿತಾಂಶದಂತೆ, ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವಿನ ಇಳಿಕೆ ನಿಶ್ಚಿತವಾಗಿ ಹೇಳುವಷ್ಟಿರಲಿಲ್ಲ. ಐವತ್ತು ದಾಟಿದವರಲ್ಲಿ ಮಾತ್ರ ಅದು ನೂರಕ್ಕೆ ಸುಮಾರು ಮೂವತ್ತರಷ್ಟು ತಗ್ಗಿತ್ತು.

ಮ್ಯಾಮೊಗ್ರಫಿ ಮಾಡಿಸಿದವರು ವರದಿಯಲ್ಲಿ ಇನ್ನೊಂದು ಸಾಲನ್ನು ಹುಡುಕಬೇಕು. ದಟ್ಟತೆಯನ್ನು ಸಾಮಾನ್ಯವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳಲ್ಲಿ ಒಂದರಿಂದ ಗುರುತಿಸುತ್ತಾರೆ. ಸಿ ಎಂದರೆ ದಟ್ಟ, ಡಿ ಎಂದರೆ ಅತಿ ದಟ್ಟ. ಈ ಎರಡರಲ್ಲಿ ಒಂದಿದ್ದರೆ, ಮನೆತನದಲ್ಲಿ ಯಾರಿಗಾದರೂ ಈ ರೋಗ ಬಂದಿತ್ತೇ ಎಂಬುದನ್ನೂ ಹೇಳಿ, ಅಲ್ಟ್ರಾಸೌಂಡ್ ಬೇಕೇ ಎಂದು ವೈದ್ಯರನ್ನು ಕೇಳಬಹುದು. ಅಕ್ಷರವೇ ಕಾಣದಿದ್ದರೆ, ಅದನ್ನು ಬರೆದುಕೊಡಿರೆಂದು ಕೇಳಬಹುದು.