ಹಸಿರು ವಿದ್ಯುತ್ತಿನ ಲೆಕ್ಕಕ್ಕೆ ಸೇರದವರು



ಕಲ್ಲಿದ್ದಲನ್ನು ಬಿಟ್ಟು ಕಡಿಮೆ ಇಂಗಾಲದ ಆರ್ಥಿಕತೆಯತ್ತ ನಾಡು ಹೊರಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆಯಿರುವುದು ಅದರ ಭಾರ ಯಾರ ಹೆಗಲಿಗೆ ಎಂಬಲ್ಲಿ.

ಬರದ ನಾಡು ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿದೆ. ಅಲ್ಲಿ ಭೂಮಿಯನ್ನು ಕಸಿದುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಆರಂಭವಾಯಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಬಿಟ್ಟವರಿಗೆ ಈ ಮರ್ಯಾದೆ ದೊರೆಯಲಿಲ್ಲ; ಹಕ್ಕುಪತ್ರಕ್ಕಾಗಿ ಅವರ ಮಕ್ಕಳೂ ಮೊಮ್ಮಕ್ಕಳೂ ಅಲೆದರು. ಆದರೆ ಪಾವಗಡದ ಬಾಡಿಗೆಯೂ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಕೂಲಿ ಹೋಯಿತು, ಬಾಡಿಗೆ ಬರಲಿಲ್ಲ.

ಹೊತ್ತು ಮುಳುಗಿದರೆ ಸೌರಫಲಕಗಳೂ ಸುಮ್ಮನಾಗುತ್ತವೆ. ಇಂತಹ ಸಂಜೆಯ ಕೊರತೆಯನ್ನು ನೀಗಲೆಂದು ಶರಾವತಿಯ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಯಿತು. ಹಗಲು ನೀರನ್ನು ಮೇಲೆತ್ತುವುದು, ಸಂಜೆ ಕೆಳಗಿಳಿಸುವುದು. ಎತ್ತಲು ವ್ಯಯವಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಇದು ಉತ್ಪಾದನೆಯಲ್ಲ, ಶೇಖರಣೆ. ಶೇಖರಣೆ ತಪ್ಪಲ್ಲ, ಬೇಕಾದದ್ದೇ. ಆದರೆ ಅದಕ್ಕೆ ಆರಿಸಿದ ಜಾಗ 2019ರಲ್ಲಿ ಘೋಷಿತವಾದ ಸಿಂಗಳೀಕಗಳ ಅಭಯಾರಣ್ಯ. ಮರದಿಂದ ಮರಕ್ಕೆ ದಾಟಿ ಬದುಕುವ ಪ್ರಾಣಿಗೆ ಸುರಂಗ ನೆಲದಡಿಯಲ್ಲಿದ್ದರೇನು? ಅದರ ಬಾಯಿಗೆ ಹೋಗುವ ರಸ್ತೆ ಕಾಡನ್ನು ಸೀಳುವುದು ನೆಲದ ಮೇಲೆಯೇ.

ಅಷ್ಟೇ ಶೇಖರಣೆಯನ್ನು ಪಾವಗಡದಂತಹ ಬಯಲಿನಲ್ಲಿ ಬ್ಯಾಟರಿಗಳಿಂದ ಮಾಡಿದರೆ ತಗಲುವ ವೆಚ್ಚವನ್ನೂ, ಕಣಿವೆಯಲ್ಲಿ ಕಡಿಯಬೇಕಾದ ಕಾಡಿನ ಬೆಲೆ ಸೇರಿಸಿದ ಈ ಯೋಜನೆಯ ವೆಚ್ಚವನ್ನೂ ಜನರ ಮುಂದೆ ಎದುರುಬದುರಾಗಿ ಇಡಬೇಕು. ಅದಾಗುವವರೆಗೆ ಕಣಿವೆಯಲ್ಲಿ ಕೊಡಲಿ ಎತ್ತಕೂಡದು.