ಕಡತಗಳ ನಕಲು ಮತ್ತು ಅಳಿಸುವಿಕೆ: ವೇಗವೂ ಎಚ್ಚರವೂ
(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆಯ ನಡವಳಿ, ತೆರಿಗೆ ರಶೀದಿ, ಇ-ಸ್ವತ್ತಿಗಾಗಿ ಸ್ಕ್ಯಾನ್ ಮಾಡಿದ ದಾಖಲೆ, ಉದ್ಯೋಗ ಖಾತ್ರಿ ಕಾಮಗಾರಿಯ ಛಾಯಾಚಿತ್ರ ಇವೆಲ್ಲವೂ ಇಂದು ಗಣಕಯಂತ್ರದಲ್ಲಿ ಸಂಗ್ರಹವಾಗುತ್ತಿವೆ. ಹಲವರು ಒಂದೇ ಸರ್ವರನ್ನು ಹಂಚಿಕೊಂಡಿರುವ ಕಚೇರಿಯಲ್ಲಿ ಒಬ್ಬರು ಲಕ್ಷ ಕಡತಗಳನ್ನು ನಕಲಿಸಲು ತೊಡಗಿದರೆ, ಹಳೆಯ ರಶೀದಿಯ ಪ್ರತಿಗಾಗಿ ಬಂದ ರೈತನು ಕಾಯುತ್ತ ನಿಲ್ಲಬೇಕಾಗುತ್ತದೆ.

ಈ ವಿಳಂಬಕ್ಕೆ ಕಡತಗಳ ಗಾತ್ರಕ್ಕಿಂತ ಅವುಗಳ ಸಂಖ್ಯೆಯೇ ಹೆಚ್ಚಿನ ಕಾರಣ. ಪ್ರತಿ ಕಡತಕ್ಕೂ ಹೆಸರು ಹುಡುಕಿ, ಅನುಮತಿ ಪರಿಶೀಲಿಸಿ, ತೆರೆದು, ಬರೆದು, ದಿನಾಂಕ ದಾಖಲಿಸಿ ಮುಚ್ಚಬೇಕು. ಆದ್ದರಿಂದ 1 ಜಿಬಿಯ ಒಂದು ಕಡತ ಬೇಗ ಸಾಗುತ್ತದೆ. ತಲಾ 10 ಕೆಬಿಯ ಲಕ್ಷ ಕಡತಗಳು ಒಟ್ಟು ಅಷ್ಟೇ ತೂಕವಿದ್ದರೂ ಬಹುಕಾಲ ಹಿಡಿಯುತ್ತವೆ. ಕಡಲೆಕಾಯಿಯನ್ನು ಮೂಟೆ ಕಟ್ಟದೆ ಒಂದೊಂದಾಗಿ ಗಾಡಿಗೆ ಹೇರಿದಂತೆ ಇದು.

ಪರಿಹಾರವೂ ಅಲ್ಲಿಯೇ ಇದೆ. ಮೊದಲನೆಯದಾಗಿ, ಹಳೆಯ ವರ್ಷಗಳ ಕಡತಗಳನ್ನು ಗ್ರಾಮವಾರು, ವರ್ಷವಾರು ಜಿಪ್ ಮಾಡಿ ಮೂಟೆಯಾಗಿ ಸಾಗಿಸಬೇಕು. ಎರಡನೆಯದಾಗಿ, ವಿಂಡೋಸ್‌ನಲ್ಲಿಯೇ ಇರುವ ರೋಬೋಕಾಪಿಯನ್ನು ಬಳಸಬಹುದು. ಅದು ಹಲವು ಕಡತಗಳನ್ನು ಏಕಕಾಲಕ್ಕೆ ನಕಲಿಸಬಲ್ಲದು. ವಿದ್ಯುತ್ ಹೋಗಿ ಕೆಲಸ ನಿಂತರೆ, ಮತ್ತೆ ನಡೆಸಿದಾಗ ಈಗಾಗಲೇ ತಲುಪಿದವನ್ನು ಬಿಟ್ಟು ಮುಂದುವರಿಯುತ್ತದೆ. ಮೂರನೆಯದಾಗಿ, ಒಂದೇ ಡಿಸ್ಕಿನೊಳಗೆ ಜಾಗ ಬದಲಿಸಲು ನಕಲು ಬೇಡ, ಸ್ಥಳಾಂತರವೇ ಸಾಕು. ಅಲ್ಲಿ ಬದಲಾಗುವುದು ವಿಳಾಸ ಮಾತ್ರ. ನಾಲ್ಕನೆಯದಾಗಿ, ದೊಡ್ಡ ಕೆಲಸಗಳನ್ನು ಕಚೇರಿಯ ವೇಳೆಯ ನಂತರ ಇಟ್ಟುಕೊಳ್ಳಬೇಕು.

ಅಳಿಸುವಾಗಲೂ ಒಂದೊಂದು ಹೆಸರನ್ನೂ ಪಟ್ಟಿಯಿಂದ ತೆಗೆಯಬೇಕಾದ್ದರಿಂದ ತಡವಾಗುತ್ತದೆ. ಫೋಲ್ಡರಿನ ಹೆಸರು ಬದಲಿಸಿ ಬದಿಗಿರಿಸಿದರೆ ಸಿಬ್ಬಂದಿಯ ಕೆಲಸ ಕೂಡಲೇ ಮುಂದುವರಿಯುತ್ತದೆ. ಅಳಿಸುವಿಕೆಯನ್ನು ರಾತ್ರಿ ನಡೆಸಬಹುದು. ಆದರೆ ಇಲ್ಲಿ ವೇಗಕ್ಕಿಂತ ಎಚ್ಚರ ಮುಖ್ಯ. ಹಂಚಿಕೆಯ ಫೋಲ್ಡರಿನಿಂದ ಅಳಿಸಿದ ಕಡತ ಸಾಮಾನ್ಯವಾಗಿ ನಮ್ಮ ಯಂತ್ರದ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ರೋಬೋಕಾಪಿಯ ‘ಮಿರರ್’ ಆಯ್ಕೆಯು ಮೂಲದಲ್ಲಿ ಇಲ್ಲದ್ದನ್ನು ನಕಲಿನ ಸ್ಥಳದಿಂದಲೂ ತೆಗೆದುಹಾಕುತ್ತದೆ. ಮೂಲ ಫೋಲ್ಡರ್ ಖಾಲಿಯಾಗಿದ್ದರೆ ನಕಲೂ ಖಾಲಿಯಾಗುತ್ತದೆ.

ಮಾಹಿತಿ ಹಕ್ಕು ಅಧಿನಿಯಮ 2005ರ 4ನೇ ಪ್ರಕರಣವು ದಾಖಲೆಗಳನ್ನು ವರ್ಗೀಕರಿಸಿ, ಸೂಚಿ ಸಹಿತ ನಿರ್ವಹಿಸಲು ಹೇಳುತ್ತದೆ. ಕೋರಿಕೆಗೆ ಒಳಪಟ್ಟ ಮಾಹಿತಿಯನ್ನು ನಾಶಪಡಿಸಿದಲ್ಲಿ 20ನೇ ಪ್ರಕರಣದಂತೆ ಮಾಹಿತಿ ಅಧಿಕಾರಿಗೆ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. ದಂಡವನ್ನು ಕಟ್ಟಿ ಮುಗಿಸಬಹುದು. ಮನೆಯ ಹಕ್ಕು ಸಾಬೀತುಪಡಿಸಲು ಇದ್ದ ಒಂದೇ ಪ್ರತಿಯನ್ನು ಕಳೆದುಕೊಂಡ ಕುಟುಂಬಕ್ಕೆ ಅದನ್ನು ಯಾರೂ ಮರಳಿ ಕೊಡಲಾರರು.

ಸದಸ್ಯರು ಯಂತ್ರ ನಡೆಸಬೇಕಾಗಿಲ್ಲ. ಅಳಿಸುವ ಮುನ್ನ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಇದನ್ನು ಉಳಿಸಬೇಕಾದ ಅವಧಿ ಮುಗಿದಿದೆಯೇ? ಮತ್ತೊಂದು ಪ್ರತಿ ಬೇರೆ ಸ್ಥಳದಲ್ಲಿದೆಯೇ? ಆ ಪ್ರತಿಯಲ್ಲಿನ ಕಡತಗಳನ್ನು ಎಣಿಸಿ, ಕೆಲವನ್ನು ತೆರೆದು ನೋಡಲಾಗಿದೆಯೇ? ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸಿರಿ. ನಕಲು ಶೀಘ್ರವಾಗಲಿ, ಅಳಿಸುವ ತೀರ್ಮಾನ ಸಾವಧಾನವಾಗಿರಲಿ ಎಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.